ಡಾಂಬರು ಕೊನೆಗಿರಲಿ: ಹೆಬ್ಬಾಳ–ಹೂಟಗಳ್ಳಿ ಕೈಗಾರಿಕಾ ಪ್ರದೇಶದಿಂದ ಒಂದು ಬಹಿರಂಗ ಪತ್ರ

ಗೆ,
ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರು, ಜಿಲ್ಲಾಧಿಕಾರಿಗಳು, ನಗರ ಪೊಲೀಸ್ ಆಯುಕ್ತರು, ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ), ಮಹಾನಗರ ಪಾಲಿಕೆ ಮತ್ತು ಹೂಟಗಳ್ಳಿ ನಗರಸಭೆಯ ಅಧಿಕಾರಿಗಳು, ಹಾಗೂ ಈ ರಸ್ತೆಗಳಲ್ಲಿ ದಿನವೂ ಓಡಾಡುವ ಸಾರ್ವಜನಿಕರು

ಮಾನ್ಯರೇ,

ರಸ್ತೆ ಮಾಡಿಸಿಕೊಡಿ ಎಂಬ ಮನವಿಗಳು ನಿಮ್ಮ ಮೇಜಿಗೆ ಬೇಕಾದಷ್ಟು ಬಂದಿವೆ. ಈ ಸಲ, ಇಲ್ಲಿನ ಸಣ್ಣ ಉದ್ದಿಮೆದಾರರೂ ವರ್ತಕರೂ ಆದ ನಮ್ಮ ಕೋರಿಕೆ ಬೇರೆ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಕೈಗಾರಿಕಾ ಪ್ರದೇಶಗಳಲ್ಲಿ ಪಕ್ಕದ ಚರಂಡಿ ಮುಗಿಯದ, ಪೈಪು–ಕೇಬಲ್ ಅಡ್ಡ ಹಾಯಲು ದಾರಿ ಬಿಡದ ಯಾವ ರಸ್ತೆಗೂ ಹೊಸದಾಗಿ ಡಾಂಬರು ಹಾಕಬೇಡಿ. ಗುಂಡಿ ಮುಚ್ಚುವುದು ನಡೆಯಲಿ, ಅದು ನಿಲ್ಲಬಾರದು. ಇಡೀ ರಸ್ತೆಗೆ ಹೊಸ ಹೊದಿಕೆ ಹಾಸುವ ಕೆಲಸ ಮಾತ್ರ ಕೊನೆಗಿರಲಿ.

ಕಾರಣ ಸರಳ. ಇಲ್ಲಿನ ರಸ್ತೆ ಲಾರಿಯ ಭಾರಕ್ಕಿಂತ ಮೊದಲು ನೀರಿನಿಂದ ಹಾಳಾಗುತ್ತಿದೆ. ಡಾಂಬರಿನ ಕೆಳಗೆ ವೆಟ್ ಮಿಕ್ಸ್ (ನೀರು ಬೆರೆಸಿ ಒತ್ತಿದ ಜಲ್ಲಿ ಮಿಶ್ರಣ), ಅದರ ಕೆಳಗೆ ದಪ್ಪ ಜಲ್ಲಿಯ ಪದರ, ಅದರಡಿ ನಮ್ಮ ಮೈಸೂರಿನ ಕೆಂಪು ಮಣ್ಣು. ಒಣಗಿದ್ದಾಗ ಈ ಮಣ್ಣು ಗಟ್ಟಿ. ನೀರು ಕುಡಿದರೆ ಭಾರ ಹೊರುವ ಶಕ್ತಿ ಕುಸಿಯುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಮಣ್ಣಿನ ಈ ಶಕ್ತಿ ಅಳೆಯುವ ಸಿಬಿಆರ್ ಪರೀಕ್ಷೆಯನ್ನು ನಾಲ್ಕು ದಿನ ನೀರಲ್ಲಿ ನೆನೆಸಿಟ್ಟು ಮಾಡುತ್ತಾರೆ. ಜಲ್ಲಿ ಪದರಕ್ಕೆ ಇಳಿದ ನೀರು ರಸ್ತೆಯ ಅಂಚಿನಿಂದ ಹೊರಗೆ ಹೋಗಬೇಕು. ನಮ್ಮಲ್ಲಿ ಅಂಚಿಗೆ ಮಣ್ಣು ಏರಿಸಿರುತ್ತಾರೆ, ಇಲ್ಲವೇ ಕರ್ಬ್ ಕಲ್ಲು ಕಟ್ಟಿ ನೀರು ಹೋಗಲು ಕಿಂಡಿ ಬಿಡುವುದನ್ನು ಮರೆತಿರುತ್ತಾರೆ. ನೀರು ಒಳಗೇ ನಿಲ್ಲುತ್ತದೆ. ಮೇಲೆ ಲಾರಿ ಹಾಯ್ದಾಗ ಆ ನೀರು ಒತ್ತಡಕ್ಕೆ ಸಿಕ್ಕಿ, ಜಲ್ಲಿಗೆ ಅಂಟಿದ ಡಾಂಬರನ್ನು ಬಿಡಿಸುತ್ತದೆ. ಮೊದಲು ಕೂದಲೆಳೆಯ ಬಿರುಕು, ಆಮೇಲೆ ಮೊಸಳೆ ಚರ್ಮದಂಥ ಬಿರುಕು, ಒಂದು ಮಳೆಗಾಲ ಕಳೆದರೆ ಗುಂಡಿ.

ಕಾರ್ಖಾನೆಯ ಗೇಟಿನ ಮುಂದಿನ ಮೋರಿಯ ಲೆಕ್ಕವನ್ನು ದಯವಿಟ್ಟು ನೋಡಿ. ಶೆಡ್ಡಿನ ಸೂರು, ಕಾಂಕ್ರೀಟ್ ಅಂಗಳ, ರಸ್ತೆ ಇವೇ ತುಂಬಿರುವ 10 ಹೆಕ್ಟೇರ್ ಪ್ರದೇಶದಲ್ಲಿ ಗಂಟೆಗೆ 50 ಮಿ.ಮೀ. ವೇಗದಲ್ಲಿ ಮಳೆ ಸುರಿದು ಅದರಲ್ಲಿ ಶೇ. 80 ಹರಿದು ಬಂದರೆ, ಚರಂಡಿಗೆ ಸೆಕೆಂಡಿಗೆ ಸುಮಾರು 1,100 ಲೀಟರ್ ನೀರು ಬರುತ್ತದೆ. ಗೇಟಿನ ಇಳಿಜಾರಿನ ಅಡಿಯಲ್ಲಿ ಸಾಮಾನ್ಯವಾಗಿ ಹೂಳುವ 300 ಮಿ.ಮೀ. ಹ್ಯೂಮ್ ಪೈಪು (ಕಾಂಕ್ರೀಟ್ ಕೊಳವೆ), 200 ಮೀಟರಿಗೆ ಒಂದು ಮೀಟರ್ ಇಳಿಜಾರಿದ್ದು ಪೂರ್ತಿ ತುಂಬಿ ಹರಿದರೂ ಸೆಕೆಂಡಿಗೆ 70 ಲೀಟರ್ ದಾಟುವುದಿಲ್ಲ. ಅದೇ ಇಳಿಜಾರಿನಲ್ಲಿ 900 ಮಿ.ಮೀ. ಪೈಪು ಬೇಕು, ಇಲ್ಲವೇ ಅಷ್ಟೇ ನೀರು ಹೋಗುವ ಬಾಕ್ಸ್ ಮೋರಿ ಬೇಕು. ಚರಂಡಿ ಎಷ್ಟೇ ಅಗಲವಿರಲಿ, ನಡುವೆ ಒಂದು ಗೇಟಿನಲ್ಲಿ ಸಣ್ಣ ಪೈಪು ಕೂತಿದ್ದರೆ ಆ ಬೀದಿಯ ಚರಂಡಿಯ ಅಳತೆ ಆ ಪೈಪಿನದೇ. ಉಳಿದ ನೀರು ರಸ್ತೆ ಹತ್ತುತ್ತದೆ.

ಹಾಗಾಗಿ ಗೇಟಿನ ಮೋರಿಯನ್ನು ಪ್ರತಿ ಕಾರ್ಖಾನೆಯ ಇಷ್ಟಕ್ಕೆ ಬಿಡಬೇಡಿ. ಬೀದಿಗೊಂದು ಅಳತೆ, ಒಂದು ತಳಮಟ್ಟ ನಿಗದಿ ಮಾಡಿ ಬರೆದು ಕೊಡಿ. ಗೇಟಿನ ಮುಂದಿನ ಭಾಗದ ಖರ್ಚನ್ನು ಆಯಾ ಘಟಕವೇ ಭರಿಸುವುದು ನ್ಯಾಯ, ಅದಕ್ಕೆ ನಾವು ಸಿದ್ಧ. ತಳಮಟ್ಟವನ್ನು ಮಾತ್ರ ಎತ್ತರ–ತಗ್ಗು ಅಳೆಯುವ ಲೆವೆಲ್ ಯಂತ್ರ ಇಟ್ಟು ಹೊರಹರಿವಿನ ಕಡೆಯಿಂದ ಹಿಂದಕ್ಕೆ ಹಿಡಿದು ಬರಬೇಕು. ಮೇಲಿನ ತುದಿಯಿಂದ ಕಣ್ಣಳತೆಯಲ್ಲಿ ಅಗೆಯುತ್ತ ಬಂದರೆ, ಕೊನೆಗೆ ರಾಜಕಾಲುವೆ ಸೇರುವಲ್ಲಿ ಚರಂಡಿಯ ತಳ ಕಾಲುವೆಯ ತಳಕ್ಕಿಂತ ಕೆಳಗೆ ಉಳಿದುಬಿಡುತ್ತದೆ, ನೀರು ಹಿಂದಕ್ಕೆ ನಿಲ್ಲುತ್ತದೆ. ಮುಚ್ಚು ಚಪ್ಪಡಿಗಳ ವಿಷಯವೂ ಇದೆ. 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಚಪ್ಪಡಿ 65–70 ಕಿಲೋ ತೂಗುತ್ತದೆ. ಇಬ್ಬರು ಎತ್ತಿ ಹೂಳು ತೆಗೆಯಬಹುದು. ಒಂದೂವರೆ ಮೀಟರ್ ಉದ್ದದ್ದನ್ನು ಎತ್ತಲು ಜೆಸಿಬಿ ಬೇಕು. ಜೆಸಿಬಿ ಬರುವುದಿಲ್ಲ, ಹೂಳೂ ತೆಗೆಯುವುದಿಲ್ಲ. ಈ ಚರಂಡಿಗೆ ಮಳೆನೀರು ಮಾತ್ರ ಸೇರಬೇಕು ಎಂಬುದನ್ನೂ ಒತ್ತಿ ಹೇಳುತ್ತೇವೆ. ಶ್ರಮಪಟ್ಟು ಜೀವ ತುಂಬಿದ ಹೆಬ್ಬಾಳ ಕೆರೆ ಪಕ್ಕದಲ್ಲೇ ಇದೆ. ಶೌಚದ ನೀರಾಗಲಿ, ಯಂತ್ರ ತಣಿಸುವ ಕೂಲೆಂಟ್ ಎಣ್ಣೆಯಾಗಲಿ ಮಳೆ ಚರಂಡಿಗೆ ಬಿಡುವ ಘಟಕದ ಪರ ನಾವು ನಿಲ್ಲುವುದಿಲ್ಲ.

ಇನ್ನು ಅಗೆತ. ಹೊಸ ಡಾಂಬರು ಬಿದ್ದ ಮೇಲೆ ಒಂದು ಕಾರ್ಖಾನೆಗೆ ಹೆಚ್ಚುವರಿ ವಿದ್ಯುತ್ ಸಂಪರ್ಕ ಬೇಕಾಗುತ್ತದೆ, ಇನ್ನೊಂದಕ್ಕೆ ನೀರಿನ ಪೈಪು, ಮತ್ತೊಂದಕ್ಕೆ ಫೈಬರ್ ಕೇಬಲ್. ಇವೆಲ್ಲ ಉದ್ದಿಮೆ ಬೆಳೆಯುವ ಲಕ್ಷಣ, ತಡೆಯಬೇಕಾದ್ದಲ್ಲ. 11 ಕೆ.ವಿ. ಕೇಬಲ್ ನೆಲದಲ್ಲಿ 90 ಸೆಂ.ಮೀ. ಆಳದಲ್ಲಿ, ರಸ್ತೆ ದಾಟುವಲ್ಲಿ ಒಂದು ಮೀಟರ್ ಆಳದಲ್ಲಿ ಇರಬೇಕು ಎಂಬುದು ರೂಢಿಯ ಮಾನದಂಡ. ಅಷ್ಟು ಆಳದ ಕಾಲುವೆ ತೋಡಿ, ಅದೇ ಮಣ್ಣನ್ನು ಒಂದೇ ಏಟಿಗೆ ಸುರಿದು, ಮೇಲೆ ಜೆಸಿಬಿಯ ಬಕೆಟ್ಟಿನಿಂದ ತಟ್ಟಿ ಹೋದರೆ, ಮೊದಲ ಮಳೆಗೆ ಅದು ಅಂಗೈಯಗಲ ಕುಸಿಯುತ್ತದೆ. 15–20 ಸೆಂ.ಮೀ. ಪದರ ಹಾಕಿ, ನೀರು ಚಿಮುಕಿಸಿ, ಪ್ಲೇಟ್ ಕಂಪ್ಯಾಕ್ಟರ್‌ನಿಂದ ಒತ್ತಿ ಮತ್ತೊಂದು ಪದರ ಹಾಕಬೇಕು. ಈ ತಾಪತ್ರಯವೇ ಬೇಡವೆಂದರೆ ಡಾಂಬರಿಗೆ ಮುನ್ನ ಪ್ರತಿ 100–150 ಮೀಟರಿಗೊಂದು ಕಡೆ, ಹಾಗೂ ಪ್ರತಿ ಕೂಡುರಸ್ತೆಯಲ್ಲಿ, 300 ಮಿ.ಮೀ.ನ ಎರಡು ಖಾಲಿ ಪೈಪುಗಳನ್ನು ರಸ್ತೆಗೆ ಅಡ್ಡಲಾಗಿ ಹೂಳಿ. ಒಂದು ವಿದ್ಯುತ್ತಿಗೆ, ಇನ್ನೊಂದು ಉಳಿದದ್ದಕ್ಕೆ. ಎರಡೂ ಬಾಯಿಗೆ ಮುಚ್ಚಳ, ಪಕ್ಕದಲ್ಲಿ ಗುರುತಿನ ಕಲ್ಲು, ನಕ್ಷೆಯಲ್ಲಿ ನಮೂದು. ಗುರುತಿನ ಕಲ್ಲು ಇಲ್ಲದಿದ್ದರೆ ಎರಡು ವರ್ಷದ ನಂತರ ಪೈಪು ಎಲ್ಲಿದೆ ಎಂದು ಯಾರಿಗೂ ತಿಳಿಯದೆ ಪಕ್ಕದಲ್ಲೇ ಮತ್ತೆ ಅಗೆಯುತ್ತಾರೆ. ಉದ್ದಕ್ಕೆ ಹೋಗುವ ಕೇಬಲ್‌ಗಳಿಗೆ ರಸ್ತೆ ಪಕ್ಕದ ಪಟ್ಟಿಯಲ್ಲಿ ಇಂಟರ್‌ಲಾಕ್ ಬ್ಲಾಕ್ ಹಾಸಿದರೆ ಬಿಚ್ಚಿ ಮತ್ತೆ ಜೋಡಿಸಬಹುದು. ಆದರೆ ಲಾರಿ ಹತ್ತುವ ಕಡೆ 60 ಮಿ.ಮೀ. ಬ್ಲಾಕ್ ನಿಲ್ಲುವುದಿಲ್ಲ, 100 ಮಿ.ಮೀ. ದಪ್ಪದ್ದೇ ಆಗಬೇಕು.

ಇಷ್ಟಾದ ಮೇಲೆ ಡಾಂಬರು. ಮೈಸೂರಿನಲ್ಲಿ ಮಳೆ ಜೋರಾಗಿ ಸುರಿಯುವುದು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ. ದಸರೆಗೆ ಮುನ್ನ ಆತುರದಲ್ಲಿ ಹಾಸುವ ಡಾಂಬರು ಈ ಎರಡನೇ ಮಳೆಯ ನಡುವೆಯೇ ಬೀಳುತ್ತದೆ. ಒದ್ದೆ ನೆಲಕ್ಕೆ ಟ್ಯಾಕ್ ಕೋಟ್ (ಹೊಸ ಪದರ ಅಂಟಲು ಬಳಿಯುವ ತೆಳು ಡಾಂಬರು) ಹಿಡಿಯುವುದಿಲ್ಲ, ಬಿಸಿ ಮಿಶ್ರಣ ಬೇಗ ಆರುತ್ತದೆ. ಜಂಬೂ ಸವಾರಿ ಸಾಗದ ನಮ್ಮ ಬೀದಿಗಳಿಗೆ ಆ ಆತುರ ಬೇಕಿಲ್ಲ. ಜನವರಿಯಿಂದ ಏಪ್ರಿಲ್ ಮಧ್ಯದವರೆಗಿನ ಒಣ ದಿನಗಳನ್ನು ನಮಗೆ ಕೊಡಿ. ವಿಜಿ–30 ದರ್ಜೆಯ ಡಾಂಬರಾದರೆ ಮಿಶ್ರಣ ಹಾಸುವಾಗ 140 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು, 90 ಡಿಗ್ರಿಗೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿದಿರಬೇಕು. ಟಾರ್ಪಾಲಿನ್ ಹೊದಿಸದ ಟಿಪ್ಪರ್ ಸಿಗ್ನಲ್‌ನಲ್ಲಿ ನಿಂತು ಬರುವಷ್ಟರಲ್ಲಿ ಮೇಲ್ಪದರ ಆರಿ ಉಂಡೆ ಕಟ್ಟಿರುತ್ತದೆ. ಒಂದು ಥರ್ಮಾಮೀಟರ್ ಸಾಕು ಇದನ್ನು ಹಿಡಿಯಲು. ಪ್ರತಿ ಟಿಪ್ಪರಿನ ಉಷ್ಣಾಂಶ ಅಳೆದು ಬರೆದಿಡಿ, ಆ ಹಾಳೆ ಅಳತೆ ಪುಸ್ತಕದ ಜೊತೆ ಇರಲಿ, ಅದಿಲ್ಲದೆ ಬಿಲ್ಲು ಪಾಸಾಗದಿರಲಿ. ರಸ್ತೆಯ ನಡುವಿನಿಂದ ಅಂಚಿಗೆ ಮೀಟರಿಗೆ ಎರಡೂವರೆ ಸೆಂ.ಮೀ. ಇಳಿಜಾರು ಬೇಕು. ಹಳೆಯ ರಸ್ತೆಯ ಮೇಲೆ ಪದರದ ಮೇಲೆ ಪದರ ಹಾಕುತ್ತ ಬಂದರೆ ಈ ಇಳಿಜಾರು ಅಳಿಸಿಹೋಗುತ್ತದೆ, ರಸ್ತೆ ಅಂಗಳಕ್ಕಿಂತ ಎತ್ತರವಾಗಿ ನೀರು ಶೆಡ್ಡಿಗೆ ನುಗ್ಗುತ್ತದೆ. ಹಳೆಯ ಪದರ ಕೆರೆದು ತೆಗೆದೇ ಹೊಸದು ಹಾಕಬೇಕು.

ಗುಂಡಿ ಮುಚ್ಚುವ ಕೆಲಸಕ್ಕೂ ಇದೇ ಶಿಸ್ತು. ಗುಂಡಿಯ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಚೌಕವಾಗಿ, ಗೋಡೆ ನೇರ ನಿಲ್ಲುವಂತೆ ಕತ್ತರಿಸಿ. ನೀರು, ದೂಳು ಪೂರ್ತಿ ತೆಗೆಯಿರಿ. ತಳಕ್ಕೂ ಗೋಡೆಗೂ ಟ್ಯಾಕ್ ಕೋಟ್ ಬಳಿಯಿರಿ. 7–8 ಸೆಂ.ಮೀ.ಗಿಂತ ಆಳವಿದ್ದರೆ ಎರಡು ಪದರದಲ್ಲಿ ತುಂಬಿ, ಪ್ರತಿ ಪದರವನ್ನೂ ಒತ್ತಿ. ಗುಂಡಿಗೆ ಜಲ್ಲಿಪುಡಿ ಸುರಿದು ಹೋಗುವುದು ಮುಚ್ಚಿದಂತಲ್ಲ. ಆ ಪುಡಿ ಎರಡು ದಿನದಲ್ಲಿ ರಸ್ತೆಗೆಲ್ಲ ಹರಡಿ, ಪಾಳಿ ಮುಗಿಸಿ ಬೈಕಿನಲ್ಲಿ ಹೋಗುವವರನ್ನು ಜಾರಿಸಿ ಬೀಳಿಸುತ್ತದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಹಿರಿಯರು ಹೇಳಿದ್ದು ಇಂಥ ಕೆಲಸಕ್ಕೇ.

ಭಾರದ ಲೆಕ್ಕವನ್ನೂ ಅಂದಾಜು ಪಟ್ಟಿಯಲ್ಲಿ ಸರಿಯಾಗಿ ಹಿಡಿಯಬೇಕು. ರಸ್ತೆಗೆ ಆಗುವ ಪೆಟ್ಟು ಆಕ್ಸಲ್ (ಚಕ್ರಗಳ ಅಚ್ಚು) ಹೊರುವ ತೂಕದ ನಾಲ್ಕನೇ ಘಾತದಷ್ಟು ಏರುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸೂತ್ರ. ವಿನ್ಯಾಸದ ಮೂಲಮಾನ 8.16 ಟನ್ನಿನ ಆಕ್ಸಲ್. ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಕಾನೂನು ಮಿತಿ 2018ರಲ್ಲಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಅಂದರೆ ಕಾನೂನಿನೊಳಗೇ ತುಂಬಿ ಬಂದ ಒಂದು ಆಕ್ಸಲ್ ಸುಮಾರು ನಾಲ್ಕು ಮೂಲಮಾನದ ಆಕ್ಸಲ್‌ಗಳಷ್ಟು ಪೆಟ್ಟು ಕೊಡುತ್ತದೆ. ಉಕ್ಕಿನ ಬಾರು, ಎರಕದ ತುಂಡು, ಟೈರು, ಕಂಟೈನರ್ ಓಡಾಡುವ ಬೀದಿಗೆ ಬಡಾವಣೆಯ ಒಳರಸ್ತೆಯ ಅಂದಾಜು ಪಟ್ಟಿ ಹೊಂದುವುದಿಲ್ಲ. ಲಾರಿಗಳು ಬ್ರೇಕ್ ಹಾಕಿ ತಿರುಗುವ ಕೂಡುರಸ್ತೆಗಳಲ್ಲಿ ಡಾಂಬರು ಅಲೆಅಲೆಯಾಗಿ ಸರಿಯುತ್ತದೆ. ಅಲ್ಲಿ ಮಾತ್ರ ಕಾಂಕ್ರೀಟ್ ಹಾಕುವುದು ಒಳ್ಳೆಯದು, ಕ್ಯೂರಿಂಗ್ ಮುಗಿಯುವ ತನಕ ಬದಲಿ ದಾರಿ ತೋರಿಸಿದರೆ ಸಾಕು. 40 ಅಡಿ ಕಂಟೈನರ್ ಹೊತ್ತ ಟ್ರೈಲರ್ ತಿರುಗುವ ಮೂಲೆಗಳ ಕರ್ಬ್ ಅನ್ನು ಕನಿಷ್ಠ 12 ಮೀಟರ್ ತ್ರಿಜ್ಯಕ್ಕೆ ಬಿಡಿಸಿಕೊಡಿ. ಈಗ ಹಿಂದಿನ ಚಕ್ರ ಮೂಲೆ ಹತ್ತಿ ಚರಂಡಿಯ ಚಪ್ಪಡಿ ಪುಡಿಯಾಗುತ್ತದೆ, ಪುಡಿ ಒಳಗೆ ಬಿದ್ದು ಚರಂಡಿ ಕಟ್ಟಿಕೊಳ್ಳುತ್ತದೆ. ರಸ್ತೆ ಉಬ್ಬುಗಳಿಗೂ ಮಾನದಂಡವಿದೆ: 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, ಮುಂಚಿತವಾಗಿ ಫಲಕ, ಬಿಳಿ ಪಟ್ಟಿ. ಒಂದಡಿ ಅಗಲದ ಗುಡ್ಡೆಗಳು ವೇಗ ತಗ್ಗಿಸುವುದಕ್ಕಿಂತ ಹೆಚ್ಚಾಗಿ ಬೆನ್ನು ಮುರಿಯುತ್ತವೆ. ನಯವಾಗಿ ಉಜ್ಜಿದ ಯಂತ್ರಭಾಗಗಳು ಪೆಟ್ಟಿಗೆಯಲ್ಲಿ ಒಂದಕ್ಕೊಂದು ಬಡಿದು ಗೀರು ಬಿದ್ದರೆ ಕೊಳ್ಳುವವರು ಇಡೀ ಕಂತನ್ನು ವಾಪಸು ಕಳಿಸುತ್ತಾರೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು ಹೆದ್ದಾರಿಯಲ್ಲಿ ಸಲೀಸಾಗಿ ಸಾಗಬೇಕಾದ ಸರಕು ರಿಂಗ್ ರಸ್ತೆ ತಲುಪುವ ಮೊದಲೇ ಹಾಳಾಗುವುದು ಹೀಗೆ.

ಇಷ್ಟನ್ನು ಯಾರು ಮಾಡಬೇಕು? ಇಲ್ಲಿಯೇ ಎಲ್ಲ ಮನವಿಗಳೂ ನಿಲ್ಲುವುದು. ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ 1966ರ ಕಾಯ್ದೆಯಡಿ ಜಮೀನು ಪಡೆದು ನಿವೇಶನ ಮಾಡುತ್ತದೆ, ಮುಂದೆ ನಿರ್ವಹಣೆ ಸ್ಥಳೀಯ ಸಂಸ್ಥೆಗೆ ಹೋಗುತ್ತದೆ. ಈ ನಡುವಿನ ಹಂತದಲ್ಲಿ ಒಂದು ಕಚೇರಿ ಹಸ್ತಾಂತರವಾಗಿದೆ ಎನ್ನುತ್ತದೆ, ಇನ್ನೊಂದು ಕಚೇರಿ ಕಾಗದ ಬಂದಿಲ್ಲ ಎನ್ನುತ್ತದೆ. ಹೂಟಗಳ್ಳಿ ನಗರಸಭೆ ಮತ್ತು ಸುತ್ತಲಿನ ಪಟ್ಟಣ ಪಂಚಾಯಿತಿಗಳನ್ನು ಸೇರಿಸಿ ಬೃಹತ್ ಮೈಸೂರು ಪಾಲಿಕೆ ಮಾಡುವ ಪ್ರಸ್ತಾವ ಬಂದಿರುವ ಈ ಹೊತ್ತಿನಲ್ಲಿ ಇದು ಇನ್ನೂ ಗೋಜಲಾಗಬಹುದು. ಆದ್ದರಿಂದ ಜಿಲ್ಲಾಧಿಕಾರಿಗಳು ಒಂದು ರಸ್ತೆ ರಿಜಿಸ್ಟರ್ ಮಾಡಿಸಬೇಕು. ಪ್ರತಿ ರಸ್ತೆಗೆ ಒಂದು ಸಂಖ್ಯೆ, ಉದ್ದ, ಅಗಲ, ಯಾವ ಸಂಸ್ಥೆಯ ವಶ, ಚರಂಡಿ ಎಲ್ಲಿಗೆ ಸೇರುತ್ತದೆ, ಕೊನೆಯ ಬಾರಿ ಡಾಂಬರು ಹಾಕಿದ್ದು ಯಾವಾಗ, ಗುತ್ತಿಗೆದಾರರ ದೋಷ ಹೊಣೆಗಾರಿಕೆ (ರಸ್ತೆ ಕೆಟ್ಟರೆ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕಾದ ಅವಧಿ) ಎಂದಿನವರೆಗೆ. ಕೊನೆಯ ಈ ಕಲಮು ಬಹಳ ಮುಖ್ಯ. ಹೊಣೆಗಾರಿಕೆಯ ಅವಧಿ ಇನ್ನೂ ಇರುವ ರಸ್ತೆಗೆ ಸರ್ಕಾರದ ದುಡ್ಡಿನಲ್ಲಿ ಮತ್ತೆ ತೇಪೆ ಹಾಕುವುದು ಆಗ ತಪ್ಪುತ್ತದೆ. ರಿಜಿಸ್ಟರ್ ಕನ್ನಡದಲ್ಲಿ ಸಾರ್ವಜನಿಕರಿಗೆ ಸಿಗಲಿ, ರಸ್ತೆಯ ಎರಡೂ ತುದಿಯಲ್ಲಿ ಅದೇ ಸಂಖ್ಯೆಯ ಫಲಕ ನಿಲ್ಲಲಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ 2013ರಿಂದ, ತಾನೇ ತೆರಿಗೆ ಪಡೆದು ನಿರ್ವಹಣೆ ನೋಡಿಕೊಳ್ಳುವ ಪ್ರತ್ಯೇಕ ಕೈಗಾರಿಕಾ ಪಟ್ಟಣ ಪ್ರಾಧಿಕಾರವಿದೆ. ಸಂವಿಧಾನದ 243ಕ್ಯೂ ವಿಧಿ ಅದಕ್ಕೆ ಅವಕಾಶ ಕೊಡುತ್ತದೆ. ಇಲ್ಲಿಯೂ ಅದನ್ನೇ ಕೇಳಬೇಕೆಂಬ ಅಭಿಪ್ರಾಯ ನಮ್ಮಲ್ಲಿ ಹಲವರಿಗಿದೆ. ಆದರೆ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯಲ್ಲಿ ಕಾರ್ಖಾನೆಗೆ ಅಂಟಿಕೊಂಡೇ ಮನೆಗಳಿವೆ, ಊರುಗಳಿವೆ. ತೆರಿಗೆ ಪೂರ್ತಿ ಕಾರ್ಖಾನೆಯ ಕಾಂಪೌಂಡಿನೊಳಗೇ ಉಳಿದರೆ ಆ ಊರಿನವರಿಗೆ ಅನ್ಯಾಯ. ಅದಕ್ಕಿಂತ ಕೈಗಾರಿಕಾ ಆಸ್ತಿ ತೆರಿಗೆಯ ಒಂದು ನಿಗದಿತ ಪಾಲನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಚರಂಡಿ, ದೀಪ, ರಸ್ತೆ ನಿರ್ವಹಣೆಗೆ ಮಾತ್ರ ಬಳಸಿ, ವರ್ಷಕ್ಕೊಮ್ಮೆ ಲೆಕ್ಕ ಪ್ರಕಟಿಸುವುದು ಬೇಗ ಆಗುವ ಕೆಲಸ.

ದೀಪ ಮತ್ತು ಭದ್ರತೆ ಒಂದೇ ವಿಷಯ. ಎರಡನೇ ಪಾಳಿ ಬಿಡುವುದು ರಾತ್ರಿ ಹತ್ತಕ್ಕೆ. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಬಸ್ ನಿಲ್ದಾಣದವರೆಗೆ ನಡೆದು ಹೋಗುವ ದಾರಿಗಳನ್ನು ಮೊದಲು ಗುರುತಿಸಿ, ಅಲ್ಲಿಂದ ದೀಪದ ಕೆಲಸ ಶುರುವಾಗಲಿ. 9 ಮೀಟರ್ ಎತ್ತರದ ಕಂಬಗಳಾದರೆ 27ರಿಂದ 30 ಮೀಟರಿಗೆ ಒಂದು ಇರಬೇಕು. 50 ಮೀಟರಿಗೆ ನೆಟ್ಟು ಬಲ್ಬಿನ ವ್ಯಾಟ್ ಏರಿಸಿದರೆ ಕಂಬದ ಬುಡದಲ್ಲಿ ಕಣ್ಣು ಕುಕ್ಕುವ ಬೆಳಕು, ನಡುವೆ ಕಗ್ಗತ್ತಲು. ಮರದ ಕೊಂಬೆ ದೀಪವನ್ನು ಮುಚ್ಚಿರುವ ಕಡೆ ಮರ ಕಡಿಯಬೇಡಿ, ಚಾಚು ತೋಳು ಉದ್ದ ಮಾಡಿ. ಪ್ರತಿ ಕಂಬಕ್ಕೂ ಸಂಖ್ಯೆ ಬರೆಯಿಸಿ. ‘ಕಾರ್ಖಾನೆ ಹತ್ತಿರದ ದೀಪ ಉರಿಯುತ್ತಿಲ್ಲ’ ಎಂಬ ದೂರಿನಿಂದ ಲೈನ್‌ಮನ್‌ಗೆ ಏನೂ ತಿಳಿಯುವುದಿಲ್ಲ. ಒಂದೇ ಕಂಬ ಕೆಟ್ಟಿದ್ದರೆ ದೀಪ ಕೆಟ್ಟಿರುತ್ತದೆ. ಸಾಲೇ ಆರಿದ್ದರೆ ಪ್ಯಾನೆಲ್‌ನಲ್ಲಿ ಎಂಸಿಬಿ (ಸುರಕ್ಷತಾ ಸ್ವಿಚ್ಚು) ಬಿದ್ದಿರುತ್ತದೆ ಅಥವಾ ಟೈಮರ್ ಕೈಕೊಟ್ಟಿರುತ್ತದೆ. ಸಂಖ್ಯೆ ಇದ್ದರೆ ಯಾವುದೆಂದು ಫೋನಿನಲ್ಲೇ ಗೊತ್ತಾಗುತ್ತದೆ, ಬೇಕಾದ ಸಾಮಾನು ಹಿಡಿದೇ ಬರಬಹುದು.

ಕಳವಾಗುವುದು ಹೆಚ್ಚಾಗಿ ತಾಮ್ರದ ಕೇಬಲ್, ಲಾರಿಯ ಬ್ಯಾಟರಿ, ಡೀಸೆಲ್, ಗುಜರಿ. ಸಾಲು ರಜೆಯಲ್ಲಿ ಹೋದದ್ದು ಕಾರ್ಖಾನೆ ತೆರೆದ ಮೇಲೆ, ಕೆಲವೊಮ್ಮೆ ತಿಂಗಳ ದಾಸ್ತಾನು ಎಣಿಸುವಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಕ್ಯಾಮೆರಾದ ಚಿತ್ರ ಅಳಿಸಿಹೋಗಿರುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 43 ಜಿಬಿ ಜಾಗ ಬೇಕು. ಎಂಟು ಕ್ಯಾಮೆರಾಗಳಿಗೆ 2 ಟಿಬಿ ಡಿಸ್ಕ್ ಹಾಕಿದ್ದರೆ ಆರು ದಿನವೂ ಉಳಿಯುವುದಿಲ್ಲ. 30 ದಿನ ಉಳಿಯಬೇಕಾದರೆ 10 ಟಿಬಿಗಿಂತ ಹೆಚ್ಚು ಬೇಕು. ಈ ಮಾತು ನಮ್ಮ ಉದ್ದಿಮೆದಾರ ಮಿತ್ರರಿಗೂ ಸೇರಿದ್ದು: ಮೊದಲು ಡಿಸ್ಕ್ ನೋಡಿಕೊಳ್ಳಿ, ಆಮೇಲೆ ಕ್ಯಾಮೆರಾದ ಸಂಖ್ಯೆ ಹೆಚ್ಚಿಸಿ. ಯಂತ್ರದ ಗಡಿಯಾರ ಸರಿಯಿದೆಯೇ ಎಂದು ವಾರಕ್ಕೊಮ್ಮೆ ನೋಡಿ. ಹತ್ತು ನಿಮಿಷ ವ್ಯತ್ಯಾಸವಿದ್ದರೆ ಅಕ್ಕಪಕ್ಕದ ಎರಡು ಗೇಟಿನ ಚಿತ್ರಗಳು ತಾಳೆಯಾಗುವುದಿಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಈ ಚಿತ್ರ ಕೊಡುವಾಗ ಹ್ಯಾಶ್ ಮೌಲ್ಯ (ಕಡತ ತಿದ್ದಿಲ್ಲವೆಂದು ತೋರಿಸುವ ಸಂಕೇತ) ನಮೂದಿಸಿದ ಪ್ರಮಾಣಪತ್ರವೂ ಬೇಕು. ಅದನ್ನು ತುಂಬುವುದು ಹೇಗೆಂದು ಪೊಲೀಸ್ ಆಯುಕ್ತರ ಕಚೇರಿ ಅರ್ಧ ದಿನದ ತರಬೇತಿ ಕೊಟ್ಟರೆ ಬಹಳ ಉಪಕಾರ.

ಪೊಲೀಸರಿಂದ ನಾವು ಕೇಳುವುದು ಎರಡು. ಕೈಗಾರಿಕಾ ಪ್ರದೇಶದಿಂದ ಹೊರಹೋಗುವ ಬಾಯಿಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ನಿಲ್ಲಿಸಿ. ಗೋಡೆಗೆ ಹಾಕುವ ಮಾಮೂಲಿ ಡೋಮ್ ಕ್ಯಾಮೆರಾಕ್ಕೆ ರಾತ್ರಿ ಹೆಡ್‌ಲೈಟ್ ಎದುರು ಪ್ಲೇಟ್ ಬಿಳಿಚಿ ಕಾಣುತ್ತದೆಯೇ ಹೊರತು ಅಕ್ಷರ ಹಿಡಿಯುವುದಿಲ್ಲ. ಕಂಬ, ವಿದ್ಯುತ್, ಯುಪಿಎಸ್ ಒದಗಿಸಲು ಪಕ್ಕದ ಘಟಕಗಳು ಮುಂದೆ ಬರುತ್ತವೆ. ಎರಡನೆಯದು, ಪಾಳಿ ಬಿಡುವ ರಾತ್ರಿ ಹತ್ತರ ಹೊತ್ತಿಗೆ ಮತ್ತು ಬೆಳಗಿನ ಜಾವ ಎರಡರಿಂದ ನಾಲ್ಕರ ನಡುವೆ ಬೀಟ್ ಇರಲಿ. ಖಾಸಗಿ ಕಾವಲಿನ ವಿಷಯದಲ್ಲಿ 2005ರ ಕಾಯ್ದೆಯಡಿ ಪರವಾನಗಿ ಇರುವ ಸಂಸ್ಥೆಯಿಂದಲೇ ಕಾವಲುಗಾರರನ್ನು ಪಡೆಯಬೇಕೆಂದು ನಾವು ನಮ್ಮವರಿಗೆ ಹೇಳುತ್ತಿದ್ದೇವೆ. ವಯಸ್ಸಾದ ಒಬ್ಬರನ್ನು ಹನ್ನೆರಡು ಗಂಟೆ ಕೂರಿಸಿ, ಅವರ ಕೈಗೊಂದು ಟಾರ್ಚನ್ನೂ ಕೊಡದೆ ಕಾವಲು ಎನ್ನುವುದು ಅವರಿಗೇ ಅಪಾಯ.

ರಸ್ತೆ ಬದಿ ನಿಲ್ಲುವ ಲಾರಿಗಳ ಬಗ್ಗೆ ದೂರು ಬಹಳ. ಆದರೆ ಚಾಲಕರು ಇನ್ನೆಲ್ಲಿಗೆ ಹೋಗಬೇಕು? ಬೆಳಿಗ್ಗೆ ಒಂಬತ್ತಕ್ಕೆ ಗೇಟು ತೆರೆಯುವ ತನಕ ಅವರಿಗೆ ನಿಲ್ಲಲು ಜಾಗ, ಶೌಚಾಲಯ, ಸ್ನಾನಕ್ಕೆ ನೀರು, ಒಂದು ಕ್ಯಾಂಟೀನ್ ಬೇಕು. ರಿಂಗ್ ರಸ್ತೆಗೆ ಹತ್ತಿರದಲ್ಲಿ ಲಾರಿ ತಂಗುದಾಣಕ್ಕೆ ಜಾಗ ಗುರುತಿಸಿ, ಶುಲ್ಕ ವಿಧಿಸಿ. ಅದಾಗುವ ತನಕ ಒಂದು ಬದಿಯಲ್ಲಿ ಮಾತ್ರ, ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇರುವ ಲಾರಿಗೆ ಮಾತ್ರ ನಿಲ್ಲಲು ಬಿಡಿ. ಅಗ್ನಿಶಾಮಕ ವಾಹನಕ್ಕೆ ಆರು ಮೀಟರ್ ದಾರಿ ಎಲ್ಲ ಹೊತ್ತಿನಲ್ಲೂ ತೆರವಾಗಿರಲಿ.

ಖಾಲಿ ನಿವೇಶನಗಳನ್ನು ಮರೆಯಬೇಡಿ. ಪೊದೆ ಬೆಳೆದು, ಕಸ ಬಿದ್ದು, ನಾಯಿ–ಹಂದಿಗಳು ಸೇರುವ ಜಾಗಕ್ಕೆ ಚಿರತೆಯೂ ಬರುತ್ತದೆ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡು ನೌಕರರು ಮನೆಯಿಂದಲೇ ಕೆಲಸ ಮಾಡಬೇಕಾಯಿತು. ಅಂಥ ಸೌಕರ್ಯ ಲೇತ್ ಮುಂದೆ ನಿಲ್ಲುವವರಿಗೆ ಇಲ್ಲ. ನಿವೇಶನದಾರರಿಗೆ ನೋಟಿಸು ಕೊಟ್ಟು, ಸ್ವಚ್ಛ ಮಾಡದಿದ್ದರೆ ತಾವೇ ಮಾಡಿಸಿ ಖರ್ಚನ್ನು ತೆರಿಗೆಗೆ ಸೇರಿಸಿ ವಸೂಲು ಮಾಡಿ.

ಎಲ್ಲ ಬೀದಿಗಳನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಿ ಎಂದು ನಾವು ಕೇಳುತ್ತಿಲ್ಲ. ಪ್ರತಿ ಕೈಗಾರಿಕಾ ಪ್ರದೇಶದಲ್ಲಿ ಲಾರಿ ಹೆಚ್ಚು ಓಡಾಡುವ ಒಂದೊಂದು ಕಿಲೋಮೀಟರ್ ಆರಿಸಿ. ಮಳೆ ಮುಗಿಯುವುದರೊಳಗೆ ಸಮೀಕ್ಷೆ, ನವೆಂಬರ್–ಡಿಸೆಂಬರ್‌ನಲ್ಲಿ ಚರಂಡಿ ಮತ್ತು ಅಡ್ಡ ಪೈಪು, ಜನವರಿಯಿಂದ ಡಾಂಬರು. ಅಂದಾಜು ಪಟ್ಟಿಯ ಪ್ರತಿಯನ್ನು ಟೆಂಡರಿಗೆ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಡಿ. ಪ್ರತಿ ಬೀದಿಯಿಂದ ಇಬ್ಬರು ಬಂದು ಓದಿ, ಲಿಖಿತ ಅಭಿಪ್ರಾಯ ಕೊಡುತ್ತಾರೆ. ಜಂಟಿ ಸಮೀಕ್ಷೆಯನ್ನು ಮಾತ್ರ ಬಿಸಿಲಿನ ದಿನ ಇಡಬೇಡಿ. ಮಳೆ ಸುರಿಯುವ ದಿನವೇ ಬನ್ನಿ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂದು ಆಗಲೇ ಕಾಣುವುದು. ಕೊಡೆ, ಲೆವೆಲ್ ಯಂತ್ರ, ಬೀದಿಯ ನಕ್ಷೆ ಹಿಡಿದು ನಮ್ಮವರು ಜೊತೆಗಿರುತ್ತಾರೆ.

ಇಂತಿ,
ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ದಿಮೆದಾರರು ಮತ್ತು ವರ್ತಕರು
ಮೈಸೂರು